ನಂಬಿದವರೊಬ್ಬರು ಬೇಕಾಗಿತ್ತು

ಮಧ್ಯಾಹ್ನ ಮಕ್ಕಳ ಊಟವಾದ ಮೇಲೆ ಆಕೆ ಕಿಟಕಿಯ ಪರದೆಯನ್ನು ಅರ್ಧ ಎಳೆದು, ಗೋಡೆಯುದ್ದಕ್ಕೂ ಚಾಪೆ ಹಾಸಿ, ಕಪಾಟಿನ ಮೇಲಿಂದ ಒಂದು ಸೀಸೆಯನ್ನೂ ಚಮಚವನ್ನೂ ಇಳಿಸುತ್ತಿದ್ದಳು. ಸೀಸೆ ಖಾಲಿ. ಚಮಚವೂ ಖಾಲಿ. ಅದು ಆಕೆಗೆ ಗೊತ್ತಿತ್ತು, ನಾಲ್ಕು ವರ್ಷ ತುಂಬಿದ ಮಕ್ಕಳಿಗೂ ಗೊತ್ತಿತ್ತು, ತೀರಾ ಚಿಕ್ಕವರಿಗೆ ಮಾತ್ರ ಗೊತ್ತಿರಲಿಲ್ಲ. "ನಿದ್ದೆ ಔಷಧಿ ಯಾರಿಗೆ ಬೇಕು?" ಎಂದು ಆಕೆ ಡಾಕ್ಟರರ ಗತ್ತಿನಲ್ಲಿ ಕೇಳಿದರೆ ಚಾಪೆಗಳ ಮೇಲಿಂದ ಹಕ್ಕಿಮರಿಗಳ ಹಾಗೆ ಬಾಯಿಗಳು ತೆರೆದುಕೊಳ್ಳುತ್ತಿದ್ದವು. ಆಕೆ ಸೀಸೆ ಬಗ್ಗಿಸಿ, ಒಂದು ಹನಿಯೂ ಚೆಲ್ಲಬಾರದೆಂಬಂತೆ ಉಸಿರು ಬಿಗಿಹಿಡಿದು, ಒಬ್ಬೊಬ್ಬರ ಬಾಯಿಗೂ ಚಮಚ ಇಡುತ್ತಿದ್ದಳು.

"ಹೇಗಿದೆ?"

"ಸಿಹಿ!"

"ನಂದು ಕಹಿ ಅಜ್ಜಿ. ಇನ್ನೊಂದ್ಸಲ ಹಾಕು."

ನುಂಗಿದವರು ಕಣ್ಣು ಮುಚ್ಚಬೇಕು. ಆಟದ ಕಾನೂನು ಅದು. ಮುಚ್ಚಿದ ಕಣ್ಣುಗಳ ನಡುವೆ, ಹುಬ್ಬಿನಿಂದ ಹಣೆಯವರೆಗೆ, ಆಕೆ ಬೆರಳಿನಿಂದ ಮೆತ್ತಗೆ ಸವರುತ್ತಾ ಹೋಗುವಳು. ಕೊನೆಯ ಚಾಪೆ ತಲುಪುವ ಹೊತ್ತಿಗೆ ಮೊದಲ ಚಾಪೆಯವರ ಉಸಿರು ಭಾರವಾಗಿರುತ್ತಿತ್ತು.

ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದ ಮನೆ ಅದು. ಗಂಡ ತೀರಿಕೊಂಡ ಮೇಲೆ ಆಕೆ ತನ್ನ ಮುಂದಿನ ಕೋಣೆಯನ್ನೇ ಶಿಶುವಿಹಾರ ಮಾಡಿಕೊಂಡಿದ್ದಳು. ಬೀದಿಯವರು ಆಕೆಗೆ ಇಟ್ಟ ಹೆಸರು ನಿದ್ದೆಯಮ್ಮ. "ನಮ್ಮ ಮನೇಲಿ ಇಡೀ ದಿನ ಕುಣಿಯೋ ಕೋತಿ, ನಿಮ್ಮ ಹತ್ರ ಅದು ಹೇಗೆ ಮಲಗತ್ತೆ ಅಂತ ಒಂಚೂರು ಹೇಳಿಕೊಡಿ ಮಾರಾಯ್ರೇ" ಎಂದು ತಾಯಂದಿರು ಕೇಳಿದರೆ, "ನಿದ್ದೆ ಔಷಧಿ ಕೊಡ್ತೀನಲ್ಲ!" ಎಂದು ಆಕೆ ನಗುತ್ತಿದ್ದಳು. "ನಮ್ಮ ಯಜಮಾನರಿಗೂ ಒಂದು ಸೀಸೆ ಕೊಟ್ಟುಬಿಡಿ, ಪುಣ್ಯ ಬರತ್ತೆ" ಎನ್ನುವವರೂ ಇದ್ದರು. ಎಲ್ಲರೂ ನಗುತ್ತಿದ್ದರು. ಆಕೆಯ ಮಗಳೂ ನಗುತ್ತಿದ್ದಳು. ಮಗಳು ದೊಡ್ಡ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ವಿಭಾಗದಲ್ಲಿದ್ದಳು. ಅವಳ ಕೂಸು ಪುಟ್ಟಿ, ಎರಡು ವರ್ಷದ ಪೋರಿ, ಬಾಗಿಲ ಪಕ್ಕದ ಮೊದಲ ಚಾಪೆಯವಳು.

ಆ ನಗು ಗೊತ್ತಿಲ್ಲದ ಒಬ್ಬ ತಾಯಿ ಹೊಸದಾಗಿ ಬಂದು ಸೇರಿದಳು. ಬ್ಯಾಂಕಿನ ಕೆಲಸದವಳು, ಮಿತಭಾಷಿ, ಮೊದಲ ಮಗುವಿನ ತಾಯಿ. ಅವಳ ಮಗ ಮನೆಗೆ ಹೋಗಿ, "ಅಜ್ಜಿ ನಂಗೆ ಔಷಧಿ ಕೊಡ್ತಾಳೆ, ನಾನು ಮಲಗ್ತೀನಿ" ಎಂದನಂತೆ. ಅವಳು ಬಂದು ಕೇಳಬಹುದಿತ್ತು. ಕೇಳಲಿಲ್ಲ. ಮರುದಿನ ಮಧ್ಯಾಹ್ನ ಬ್ಯಾಂಕಿನಿಂದ ಬೇಗ ಎದ್ದು ಬಂದು ಕಿಟಕಿಯ ಹೊರಗೆ ನಿಂತು, ಪರದೆಯ ಸಂದಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಸೀಸೆ ಬಗ್ಗುವುದು, ಚಮಚ ಬಾಯಿಗೆ ಹೋಗುವುದು, ಮಕ್ಕಳು ಸಾಲಾಗಿ ಕಣ್ಣು ಮುಚ್ಚುವುದು, ಎಲ್ಲವೂ ಅದರಲ್ಲಿತ್ತು. ಚಮಚ ಖಾಲಿ ಎನ್ನುವುದೊಂದು ಅಷ್ಟು ದೂರದಿಂದ ಕಾಣಿಸುತ್ತಿರಲಿಲ್ಲ.

ಸಂಜೆಯೊಳಗೆ ಆ ವಿಡಿಯೋ ಊರಿನ ಎಲ್ಲರ ಮೊಬೈಲಿಗೆ ಬಂದಿತ್ತು. ಮರುದಿನದ ಸಂಜೆಪತ್ರಿಕೆ ಆಕೆಯ ಮುಖಕ್ಕೆ ಕೆಂಪು ಸುತ್ತುಹಾಕಿ ಮುಖಪುಟದಲ್ಲೇ ಅಚ್ಚು ಹಾಕಿತು. "ಕಂದಮ್ಮಗಳಿಗೆ ಮತ್ತಿನ ಔಷಧಿ: ಇದು 'ನಿದ್ದೆಯಮ್ಮ'ನ ಕರಾಮತ್ತು." ಬೀದಿಯವರು ಪ್ರೀತಿಯಿಂದ ಕರೆಯುತ್ತಿದ್ದ ಹೆಸರು ಅಚ್ಚಿನಲ್ಲಿ ಕಳ್ಳರ ಅಡ್ಡಹೆಸರಿನಂತೆ ಕಾಣಿಸಿತು. ಕಂಡುಕೇಳರಿಯದವರು ಆಕೆಯನ್ನು ಗಲ್ಲಿಗೇರಿಸಿ ಎಂದು ಬರೆದರು. ಅದೇ ಚಮಚದಲ್ಲಿ ಅವಳಿಗೆ ವಿಷ ಕುಡಿಸಿ ಎಂದು ಯಾರೋ ಬರೆದದ್ದಕ್ಕೆ ಸಾವಿರಾರು ಜನ ಮೆಚ್ಚುಗೆ ಒತ್ತಿದ್ದರು.

ಮಕ್ಕಳ ಇಲಾಖೆಯವರು ಬಂದರು. ಸೀಸೆ, ಚಮಚ, ಹಾಲಿನ ಪಾತ್ರೆ, ಕುಡಿಯುವ ನೀರು, ಎಲ್ಲವನ್ನೂ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಏನೂ ಸಿಗಲಿಲ್ಲವೆಂದು ಬರೆದೂ ಕೊಟ್ಟರು. ಆಕೆ ಅದನ್ನು ಹಿಡಿದುಕೊಂಡು ಪತ್ರಿಕೆಯ ಕಚೇರಿಗೆ ಹೋದಾಗ ಸಂಪಾದಕರು ಬಹಳ ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದರು. "ಒಳ್ಳೇದಾಯ್ತು ಬಿಡಿ ಅಮ್ಮ. ಆದ್ರೆ ಈಗ ಹಾಕಿದ್ರೆ ಯಾರು ಓದ್ತಾರೆ? ಅದು ಹಳೇ ಸುದ್ದಿಯಾಯ್ತು" ಎಂದರು.

ಅಷ್ಟರಲ್ಲಿ ಚಾಪೆಗಳು ಒಂದೊಂದಾಗಿ ಖಾಲಿಯಾಗಿದ್ದವು. ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಆಕೆಗೆ ಆಮೇಲೆ ಅನ್ನಿಸಿತು. "ನಮ್ಮತ್ತೆ ಬಂದಿದ್ದಾರೆ, ಮಗು ಅವರ ಹತ್ರಾನೇ ಇರತ್ತೆ." "ನಾನೇ ಸ್ವಲ್ಪ ದಿನ ರಜೆ ಹಾಕೋಣ ಅಂತ." ಮಗಳೂ ಬಂದು, "ಪುಟ್ಟಿಗೆ ಕೆಮ್ಮು ಅಮ್ಮ, ಬೇರೆ ಮಕ್ಕಳಿಗೆ ಅಂಟೀತು" ಎಂದಳು. ಕೆಮ್ಮು ವಾಸಿಯಾದ ಮೇಲೆ, "ಆಸ್ಪತ್ರೆ ಪಕ್ಕದಲ್ಲೇ ಒಂದು ಶಿಶುವಿಹಾರ ಶುರುವಾಗಿದೆ, ಮಧ್ಯೆ ಹೋಗಿ ನೋಡ್ಕೊಂಡು ಬರಬಹುದು, ನಿನಗೂ ಈ ಗಲಾಟೇಲಿ ಸ್ವಲ್ಪ ವಿಶ್ರಾಂತಿ" ಎಂದಳು. ಆಕೆಗೆ ಅದು ಸರಿಯೆನಿಸಿತು. ಉಳಿದವರ ಮಾತಿನ ಒಳಗೆ ಏನಿದೆಯೆಂದು ಹೆಕ್ಕಿ ಹೆಕ್ಕಿ ನೋಡುತ್ತಿದ್ದವಳು ಮಗಳ ಮಾತನ್ನು ಮಾತ್ರ ಹಾಗೇ ತೆಗೆದುಕೊಂಡಳು.

ಮಾನನಷ್ಟದ ಮೊಕದ್ದಮೆ ಹೂಡುವ ಯೋಚನೆ ಕೊಟ್ಟವಳು ಎದುರು ಮನೆಯ ಟೈಲರಮ್ಮ. ಅವಳ ಹತ್ತಿರ ಬಟ್ಟೆ ಹೊಲಿಸುವ ವಕೀಲೆಯೊಬ್ಬಳಿದ್ದಳು. ಜೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲೆ ಅವಳ ಕಚೇರಿ. ಕೆಳಗಿನ ಯಂತ್ರದ ಸದ್ದು ನೆಲದ ಮೂಲಕ ಅಂಗಾಲಿಗೆ ಬರುತ್ತಿತ್ತು. ವಕೀಲೆಗೆ ಮಗಳಷ್ಟೇ ವಯಸ್ಸು. ಮಾತು ಚುರುಕು.

"ಸುಳ್ಳು ಅಂತ ತೋರಿಸೋಕೆ ಇಲಾಖೆಯವರ ವರದಿ ಇದೆ. ಅದು ಬಿಡಿ, ಗಟ್ಟಿ. ಇನ್ನೊಂದು ಬೇಕು ಅಮ್ಮ. ಇದನ್ನ ಓದಿ ನಿಮ್ಮ ಬಗ್ಗೆ ಕೆಟ್ಟದಾಗಿ ಯೋಚಿಸಿದವರು ಒಬ್ಬರು."

"ಎಲ್ಲಾ ಮಕ್ಕಳೂ ಹೋದವಲ್ಲ ತಾಯಿ. ಅದು ಸಾಲದಾ?"

"ಅತ್ತೆ ಬಂದ್ರು, ರಜೆ ಹಾಕಿದ್ರು ಅಂತ ಅವರವರೇ ಹೇಳಿದಾರಲ್ಲ. ಆ ಕಡೆ ವಕೀಲರು ಅದನ್ನೇ ಹಿಡ್ಕೋತಾರೆ. ಮಾನ ಅನ್ನೋದು ನಿಮ್ಮ ಕೈಲಿರೋದಲ್ಲ ಅಮ್ಮ, ಬೇರೆಯವರ ಮನಸ್ಸಲ್ಲಿರೋದು. ಅಲ್ಲಿ ಅದು ಹೋಯ್ತು ಅಂತ ಅವರೇ ಬಂದು ಹೇಳ್ಬೇಕು. ನಿಮ್ಮನ್ನ ಬಲ್ಲವರೊಬ್ಬರು ಕಟಕಟೆಯಲ್ಲಿ ನಿಂತು, 'ಹೌದು ಸ್ವಾಮಿ, ಓದಿದೆ, ನಂಬಿದೆ, ಇವರ ಮೇಲೆ ನನಗಿದ್ದ ಗೌರವ ಹೋಯ್ತು' ಅಂದ್ರೆ ಸಾಕು."

ಹೀಗೆ ಆಕೆ ತನ್ನನ್ನು ನಂಬದವರನ್ನು ಹುಡುಕಿಕೊಂಡು ಹೊರಟಳು.

ಮೊದಲು ಹೋದದ್ದು ಟೈಲರಮ್ಮನ ಮನೆಗೆ. ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ಉಗಿದು, ಟೈಲರಮ್ಮ ಎದೆ ಮುಟ್ಟಿಕೊಂಡಳು.

"ನಾನಾ? ಅಕ್ಕಾ, ನನ್ನ ಬಾಯಿಂದ ಆ ಮಾತು ಬರತ್ತಾ? ಒಂದು ಕ್ಷಣಕ್ಕೂ ನಂಬಲಿಲ್ಲ. ನನ್ನ ಇಬ್ಬರು ಮಕ್ಕಳೂ ನಿಮ್ಮ ಚಾಪೆ ಮೇಲೆ ಬೆಳೆದವರು."

"ಒಂದೇ ಒಂದು ದಿನಾನೂ ಅನುಮಾನ ಬರಲಿಲ್ವಾ? ಬಂದಿದ್ರೆ ಬೇಜಾರಿಲ್ಲ ಕಣೇ. ಬಂದಿದ್ರೆ ಉಪಕಾರ ಆಗತ್ತೆ."

"ಇದೊಳ್ಳೆ ಕಥೆಯಾಯ್ತು!" ಎಂದು ಟೈಲರಮ್ಮ ನಕ್ಕುಬಿಟ್ಟಳು. "ನನ್ನ ಮೇಲೆ ಅನುಮಾನ ಪಡಿ ಅಂತ ಮನೆ ಬಾಗಿಲಿಗೆ ಬಂದು ಬೇಡ್ಕೊಳ್ಳೋ ಹೆಂಗಸನ್ನ ಎಲ್ಲಾದ್ರೂ ಕಂಡಿದೀರಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆಕೆ ಮಕ್ಕಳನ್ನು ಬಿಡಿಸಿಕೊಂಡವರ ಮನೆಗಳಿಗೆಲ್ಲ ಹೋದಳು. ಬಾಗಿಲು ತೆರೆದವರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಸಕ್ಕರೆಯಂಥ ಮಾತು. "ಛೆ ಛೆ, ನಾವ್ಯಾಕೆ ನಂಬ್ತೀವಿ?" "ಪೇಪರಿನವರಿಗೆ ಬೇರೆ ಕೆಲಸ ಇಲ್ಲ." "ನಿಮ್ಮಂಥ ದೇವರಂಥ ಮನುಷ್ಯರ ಬಗ್ಗೆ!" ಒಬ್ಬಾಕೆ ಮಾತಾಡುತ್ತಲೇ ಮಗುವನ್ನು ಒಳಗಿನ ಕೋಣೆಗೆ ಕಳಿಸಿ ಬಾಗಿಲು ಎಳೆದುಕೊಂಡಳು. ಇಡೀ ಬೀದಿಯಲ್ಲಿ ಒಬ್ಬರೂ ನಂಬದ ಮಾತು ಅಷ್ಟೂ ಚಾಪೆಗಳನ್ನು ಹೇಗೆ ಖಾಲಿ ಮಾಡಿತೆಂದು ಆಕೆ ದಾರಿಯುದ್ದಕ್ಕೂ ಯೋಚಿಸಿದಳು. ತಿರಸ್ಕಾರಕ್ಕೆ ಎದುರು ನಿಂತು ಉತ್ತರ ಕೊಡಬಹುದು. ಈ ಉಪಚಾರಕ್ಕೆ ಏನು ಉತ್ತರ? ಹೆಂಗಸಾದವಳಿಗೆ ಬೈಗುಳವನ್ನು ಸಹಿಸುವುದು ಹೇಗಾದರೂ ಅಭ್ಯಾಸವಾಗುತ್ತದೆ. ತನ್ನ ಬೆನ್ನಿಗೆ ಬಾಗಿಲು ಮೆಲ್ಲಗೆ, ಸದ್ದಾಗದಂತೆ ಮುಚ್ಚಿಕೊಳ್ಳುವುದು ಮಾತ್ರ ಯಾವತ್ತೂ ಅಭ್ಯಾಸವಾಗುವುದಿಲ್ಲ.

ಭಾನುವಾರ ಮಗಳು ಪುಟ್ಟಿಯನ್ನು ಕರೆದುಕೊಂಡು ಬಂದಾಗ ಆಕೆ ಇದನ್ನೆಲ್ಲ ಹೇಳಿದಳು. ನಗಿಸುವ ಹಾಗೆಯೇ ಹೇಳಿದಳು. ಟೈಲರಮ್ಮನ ದನಿಯನ್ನೂ ಅನುಕರಿಸಿದಳು. ಮಗಳು ನಗಲಿಲ್ಲ. ತರಕಾರಿ ಹೆಚ್ಚುತ್ತಾ ಕೂತಿದ್ದವಳ ಚಾಕು ನಿಂತಿತು.

"ಸಾಕ್ಷಿ ಸಿಗದಿದ್ರೆ ಕೇಸು ಬಿದ್ದುಹೋಗತ್ತಾ ಅಮ್ಮ?"

"ಹೋಗತ್ತೆ ಅಂತಾಳೆ ವಕೀಲೆ. ಹೋದ್ರೆ ಹೋಗ್ಲಿ ಬಿಡು ಅಂತ ನಾನೂ ಎಷ್ಟೋ ಸಲ ಅಂದ್ಕೊಂಡೆ. ಆದ್ರೆ ಸತ್ತ ಮೇಲೂ ಆ ಫೋಟೋ ಅಲ್ಲೇ ಇರತ್ತಲ್ಲೇ. ನಾಳೆ ಪುಟ್ಟಿ ಓದೋಕೆ ಕಲಿತು, ನಮ್ಮಜ್ಜಿ ಯಾರು ಅಂತ ಹುಡುಕಿದ್ರೆ ಅದೇ ತಾನೇ ಸಿಗೋದು?"

ಮಗಳು ತಲೆಯೆತ್ತದೆಯೇ, "ನಾನು ಹೇಳ್ತೀನಿ" ಎಂದಳು.

"ಏನು?"

"ಓದಿದೆ, ನಂಬಿದೆ ಅಂತ. ಕೋರ್ಟಲ್ಲಿ ನಾನು ಹೇಳ್ತೀನಿ."

ಆಕೆ ಮಗಳ ಹತ್ತಿರ ಸರಿದು ತಲೆ ನೇವರಿಸಿದಳು. "ನನಗೋಸ್ಕರ ಸುಳ್ಳು ಹೇಳ್ತೀಯಾ? ಬೇಡ ಕಣೇ, ದೇವರ ಹೆಸರಲ್ಲಿ ಪ್ರಮಾಣ ಮಾಡಿಸ್ತಾರೆ."

ಮಗಳು ಮತ್ತೆ ಹೆಚ್ಚತೊಡಗಿದಳು. ಚಿಕ್ಕಂದಿನಿಂದಲೂ ಅವಳು ಹಾಗೇ, ಅಳು ಬಂದರೆ ಕೈಗೆ ಕೆಲಸ ಕೊಡುವವಳು. ಎಂಥ ಮಗಳನ್ನು ಹೆತ್ತೆ ಎಂದು ತಾಯಿಯ ಹೊಟ್ಟೆ ತಣ್ಣಗಾಯಿತು.

ನ್ಯಾಯಾಲಯದ ಕೋಣೆ ಆಕೆ ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಮುರಿದ ಕುರ್ಚಿಗಳನ್ನು ಒಂದು ಮೂಲೆಯಲ್ಲಿ ಪೇರಿಸಿಟ್ಟಿದ್ದರು. ಫ್ಯಾನಿನ ಸದ್ದಿಗೆ ಮಾತು ಕೇಳಿಸದೆ ಅದನ್ನು ಆರಿಸಿದ್ದರು. ವಿಡಿಯೋ ಮಾಡಿದ ಬ್ಯಾಂಕಿನಾಕೆ ಎದುರು ಬೆಂಚಿನಲ್ಲಿ ಸಂಪಾದಕರಿಂದ ದೂರವಾಗಿ ಕೂತು ಉಗುರು ನೋಡಿಕೊಳ್ಳುತ್ತಿದ್ದಳು. ಹೊರಗೆ ಕಾರಿಡಾರಿನಲ್ಲಿ ಎದುರಾದಾಗ ಅವಳು, "ನಾನೂ ತಾಯಿ ಅಲ್ವಾ, ಹೆದರ್ಕೊಂಡುಬಿಟ್ಟೆ" ಎಂದಿದ್ದಳು. ನಿದ್ದೆಯಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹೆದರಿದವಳು ಬಾಗಿಲು ತಟ್ಟಿದ್ದರೆ ಎಷ್ಟು ಸುಲಭವಿತ್ತು ಎಂದಷ್ಟೇ ಅನ್ನಿಸಿತು.

ಮಗಳು ಕಟಕಟೆ ಹತ್ತಿದಳು. ವಕೀಲೆ ಕೇಳಿದ್ದಕ್ಕೆ ಹೇಳಬೇಕಾದದ್ದನ್ನು ಹೇಳಿದಳು. ಓದಿದೆ. ನಂಬಿದೆ. ಗೌರವ ಹೋಯಿತು. ಪ್ರತಿ ಉತ್ತರವನ್ನೂ ನ್ಯಾಯಾಧೀಶರು ಪುಸ್ತಕದ ಭಾಷೆಗೆ ತಿರುಗಿಸಿ ಟೈಪಿಸ್ಟರಿಗೆ ಹೇಳಿ ಬರೆಸುತ್ತಿದ್ದರು. ಹಾಗಾಗಿ ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಳ್ಳಬೇಕಿತ್ತು.

ಪತ್ರಿಕೆಯ ಕಡೆಯ ವಕೀಲರು ಎದ್ದರು. ವಯಸ್ಸಾದವರು, ಶೀತವಾಗಿತ್ತು, ಕರವಸ್ತ್ರದಲ್ಲಿ ಮೂಗೊರೆಸಿಕೊಂಡು ಮೆತ್ತಗೆ ಶುರುಮಾಡಿದರು.

"ಒಬ್ಬಳೇ ಮಗಳಾ ನೀವು?"

"ಹೌದು."

"ನಿಮ್ಮನ್ನ ಓದಿಸಿದ್ದು, ನಿಮ್ಮ ಬಾಣಂತನ ಮಾಡಿದ್ದು ಎಲ್ಲಾ ಇವರೇ ತಾನೇ?"

"ಇವರೇ."

"ನೋಡಮ್ಮ, ಆ ಬೀದಿಯವರು ಯಾರೂ ನಂಬಲಿಲ್ಲ. ಹೊಟ್ಟೇಲಿ ಹುಟ್ಟಿದ ಮಗಳು ನಂಬಿದಳು ಅಂದ್ರೆ ಯಾರಾದ್ರೂ ಒಪ್ತಾರಾ? ತಾಯಿಗೆ ಒಳ್ಳೇದಾಗ್ಲಿ ಅಂತ ಹೇಳ್ತಿದೀರಿ. ಅದು ತಪ್ಪು ಅಂತ ನಾನೂ ಅನ್ನಲ್ಲ, ನನಗೂ ಹೆಣ್ಣುಮಕ್ಕಳಿದಾರೆ. ಆದ್ರೆ ಇದು ಸುಳ್ಳು. ಹೌದೋ ಅಲ್ವೋ?"

ಬೆಂಚಿನ ತುದಿಯಲ್ಲಿ ಕೂತಿದ್ದ ತಾಯಿಗೆ ಆ ಮುದುಕರ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತು. ಈ ಕೋಣೆಯಲ್ಲಿ ತನ್ನ ಮಗಳನ್ನು ಸರಿಯಾಗಿ ಅರ್ಥಮಾಡಿಕೊಂಡವರು ಇವರೊಬ್ಬರೇ ಎನ್ನಿಸಿತು. ಹೌದು ಅನ್ನು ಮಗಳೇ, ಎಂದು ಒಳಗೊಳಗೇ ಅಂದುಕೊಂಡಳು. ಸುಳ್ಳು ಅಂತ ಒಪ್ಪಿಕೊಂಡುಬಿಡು. ಕೇಸು ಹಾಳಾಗಿ ಹೋಗಲಿ.

"ಸುಳ್ಳಲ್ಲ" ಎಂದಳು ಮಗಳು.

"ಹಾಗಾದ್ರೆ ನಂಬಿ ಏನು ಮಾಡಿದ್ರಿ? ಹೇಳಿ ನೋಡೋಣ."

"ಅವತ್ತು ಸಂಜೆ ನನ್ನ ಮಗಳನ್ನ ಮನೆಗೆ ಕರ್ಕೊಂಡು ಹೋಗಿ ಅವಳ ಬಾಯಿ ಮೂಸಿದೆ. ಮಾರನೇ ದಿನ ಅವಳ ಮೂತ್ರ ತಗೊಂಡು ಹೋಗಿ ನಮ್ಮ ಲ್ಯಾಬಲ್ಲಿ, ಯಾರಿಗೂ ಹೇಳದೆ, ನಾನೇ ಪರೀಕ್ಷೆ ಮಾಡಿದೆ."

"ಏನು ಬಂತು?"

"ಏನೂ ಇರಲಿಲ್ಲ."

"ಕಂಡ್ರಾ! ಏನೂ ಇಲ್ಲ ಅಂತ ನಿಮ್ಮ ಕಣ್ಣಾರೆ ನೋಡಿದ ಮೇಲೂ ನಂಬಿದ್ರಾ?"

"ನಂಬಿದೆ. ಅಷ್ಟರಲ್ಲಿ ಮೈಯಿಂದ ಇಳಿದು ಹೋಗಿರಬಹುದು ಅಂದ್ಕೊಂಡೆ. ಆಮೇಲೆ ಮಗೂನ ಅಲ್ಲಿಗೆ ಕಳಿಸಲಿಲ್ಲ. ಕೆಮ್ಮು ಅಂತ ಅಮ್ಮನಿಗೆ ಹೇಳಿದೆ. ಅದು ಸುಳ್ಳು ಸಾರ್. ಇದಲ್ಲ."

"ಸಾಕ್ಷಿಯು ತನ್ನ ಮಗುವನ್ನು ವಾದಿಯ ಬಳಿಗೆ ಕಳುಹಿಸುವುದನ್ನು ನಿಲ್ಲಿಸಿದಳು" ಎಂದು ನ್ಯಾಯಾಧೀಶರು ಬರೆಸಿದರು. ಟೈಪಿಸ್ಟರ ಬೆರಳುಗಳು ಪಟಪಟನೆ ಓಡಿ ನಿಂತವು. ವಕೀಲರು ಕೂರುವವರಿದ್ದರು, ಅಷ್ಟರಲ್ಲಿ ಮಗಳು ಯಾರೂ ಕೇಳದೆಯೇ ಮತ್ತೆ ಮಾತಾಡಿದಳು.

"ಆ ಚಮಚದಲ್ಲಿ ಏನೂ ಇರಲ್ಲ ಅಂತ ನನಗೆ ಗೊತ್ತು. ಚಿಕ್ಕವಳಿದ್ದಾಗ ನನ್ನನ್ನೂ ಹಾಗೇ ಮಲಗಿಸಿದಾರೆ. ಬೇರೆಯವರಿಗೆ ಗೊತ್ತಿರಲಿಲ್ಲ, ನಂಬಿದ್ರೆ ತಪ್ಪಲ್ಲ. ನನಗೆ ಗೊತ್ತಿತ್ತು. ಆದ್ರೂ ಪೇಪರಿನಲ್ಲಿ ನೋಡಿದಾಗ ಅದರಲ್ಲಿ ಏನೋ ಇದ್ದ ಹಾಗೆ ಕಾಣಿಸ್ತು. ಅವತ್ತಿಂದ ಅಮ್ಮನ ಮುಖ ನೋಡಿದ್ರೆ ಮೊದಲು ಆ ಫೋಟೋ ಕಣ್ಣಿಗೆ ಬರತ್ತೆ. ಅಮ್ಮ ಆಮೇಲೆ ಬರ್ತಾಳೆ."

ಇದನ್ನು ಪುಸ್ತಕದ ಭಾಷೆಯಲ್ಲಿ ಹೇಗೆ ಹೇಳುವುದೆಂದು ನ್ಯಾಯಾಧೀಶರು ಸ್ವಲ್ಪ ಯೋಚಿಸಿದರು. ಕೊನೆಗೆ ಅವಳ ಮಾತನ್ನೇ ಹಾಗೇ ಬರೆಸಿದರು.

ವಕೀಲೆ ಹಿಂದಕ್ಕೆ ಬಾಗಿ, "ಗೆದ್ದಹಾಗೇ ಅಮ್ಮ" ಎಂದು ಪಿಸುಗುಟ್ಟಿದಳು. ಆಕೆ ತಲೆಯಾಡಿಸಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

ವಾಪಸ್ಸು ಬರುವಾಗ ತಾಯಿ ಮಗಳು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು. ತಿರುವುಗಳಲ್ಲಿ ಭುಜಕ್ಕೆ ಭುಜ ತಾಗುತ್ತಿತ್ತು. ತಾಗಿದಾಗಲೆಲ್ಲ ಇಬ್ಬರೂ ಸ್ವಲ್ಪ ಸರಿದು ಕೂರುತ್ತಿದ್ದರು.

"ಬೆಳಿಗ್ಗೆ ತಿಂಡಿ ತಿಂದಿದ್ಯಾ?" ಎಂದಳು ತಾಯಿ.

"ಹೂಂ."

"ಪಾಪ, ಆ ವಕೀಲರಿಗೆ ಎಷ್ಟು ಶೀತ."

ಮಗಳು ಕಿಟಕಿಯ ಕಡೆ ತಿರುಗಿದ್ದಳು. "ಅಮ್ಮ, ಬೈದುಬಿಡು."

"ಯಾಕೆ ಬೈಲಿ? ನನಗೆ ಬೇಕಾದ್ದನ್ನೇ ತಾನೇ ಹೇಳಿದ್ದು." ಟಿಕೆಟ್ಟನ್ನು ಮಡಚಿ ಮಡಚಿ ಅಂದಳು: "ನೀನು ಸುಳ್ಳು ಹೇಳ್ತೀಯ ಅಂದ್ಕೊಂಡಿದ್ದೆ."

"ಗೊತ್ತು. ಅವತ್ತೇ ನಿನಗೆ ಹೇಳ್ಬೇಕಿತ್ತು. ನೀನು ನನ್ನ ತಲೆ ಸವರಿದೆಯಲ್ಲ, ಆಮೇಲೆ ಬಾಯೇ ಬರಲಿಲ್ಲ."

ತೀರ್ಪು ಆಕೆಯ ಪರವಾಗಿಯೇ ಬಂತು. ಬ್ಯಾಂಕಿನಾಕೆ ವಿಡಿಯೋ ಅಳಿಸಿ ಕ್ಷಮೆ ಕೇಳಿದಳು. ಸಂಜೆಪತ್ರಿಕೆ ನ್ಯಾಯಾಲಯ ಹೇಳಿದ ಹಾಗೆ ಮುಖಪುಟದಲ್ಲೇ ತಪ್ಪೊಪ್ಪಿಗೆ ಅಚ್ಚು ಹಾಕಿತು. ಟೈಲರಮ್ಮ ಅದನ್ನು ಬೀದಿಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದಳು. ಜನ ಬಂದು ಅಭಿನಂದಿಸಿದರು. ಇಬ್ಬರು ತಾಯಂದಿರು ಮುಂದಿನ ತಿಂಗಳಿಂದ ಮಕ್ಕಳನ್ನು ಕಳಿಸುತ್ತೇವೆಂದರು. "ನೋಡೋಣ" ಎಂದಳು ಆಕೆ. ಹೆಸರು ವಾಪಸ್ಸು ಬಂದಿತ್ತು. ಬಹಳ ದಿನ ಬೇರೆಯವರ ಮೈಮೇಲಿದ್ದು ಬಂದ ಸೀರೆಯ ಹಾಗೆ, ತನ್ನದೇ ಆದರೂ ಉಡಲು ಮನಸ್ಸಾಗದು.

ಮಗಳು ಒಂದು ಸೋಮವಾರ ಬೆಳಿಗ್ಗೆ ಹೇಳದೆ ಕೇಳದೆ ಪುಟ್ಟಿಯನ್ನೂ ಅವಳ ಬಟ್ಟೆಯ ಚೀಲವನ್ನೂ ತಂದು ಬಾಗಿಲಲ್ಲಿ ನಿಂತಳು. "ಆ ಶಿಶುವಿಹಾರ ಬಿಡಿಸಿದೆ. ಇವತ್ತಿಂದ ಇಲ್ಲೇ ಇರ್ಲಿ ಅಮ್ಮ" ಎಂದಳು. ಅವಳ ಕಣ್ಣಲ್ಲಿ ಬೇಡಿಕೆಯಿತ್ತು. ಆಕೆ ಬೇಡವೆನ್ನಲಿಲ್ಲ. ಪುಟ್ಟಿ ಬೆಳೆದಿದ್ದಳು. ಬೆಳಗಿನಿಂದ ಮನೆಯೆಲ್ಲ ಸುತ್ತಿ, ಅಜ್ಜಿಯ ಬೆನ್ನು ಹತ್ತಿ, ಅನ್ನ ಕಲಸಿಕೊಂಡು ತಾನೇ ತಿಂದಳು. ಊಟವಾದ ಮೇಲೆ ಆಕಳಿಸಿ, ಬಂದು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು.

ಆಕೆಯ ಕೈ ತಾನಾಗಿ ಮಗುವಿನ ಹಣೆಯ ತನಕ ಹೋಯಿತು. ಅಲ್ಲೇ ನಿಂತಿತು.

"ಏಳು ಪುಟ್ಟಿ. ಮಲಗಬಾರದು. ಬಾ, ಆಟ ಆಡೋಣ."

ಪುಟ್ಟಿ ತೊಡೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಆಕೆ ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದಳು. ಮಗು ಬೆಚ್ಚಿ ಅತ್ತಿತು. ಮರದ ತುಂಡುಗಳನ್ನು ಸುರಿದು ಮನೆ ಕಟ್ಟಿದಳು, ಮಗು ಅದರ ಮೇಲೇ ತೂಕಡಿಸಿ ಬಿತ್ತು. ಮತ್ತೆ ಎಬ್ಬಿಸಿದಳು. ಕೊನೆಗೆ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಬಿಸಿಲಿನ ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡತೊಡಗಿದಳು. ಟೈಲರಮ್ಮ ಕಿಟಕಿಯಿಂದ ಇಣುಕಿದಳು.

"ನಿದ್ದೆ ಎಳೀತಿದೆ ಅಕ್ಕ ಅದಕ್ಕೆ! ಯಾಕೆ ಪೀಡಿಸ್ತೀರ ಕೂಸನ್ನ? ಮಲಗಿಸಬಾರದಾ?"

"ಅವರಮ್ಮ ಬರ್ಲಿ" ಎಂದಳು ಆಕೆ.

ಮಗಳು ಬಂದಾಗ ಪುಟ್ಟಿ ಹೊಸ್ತಿಲ ಮೇಲೆ ಕೂತಿದ್ದಳು. ಕಣ್ಣು ಕೆಂಪಗೆ ಊದಿಕೊಂಡು, ಮೂಗು ಸುರಿಯುತ್ತಾ, ಅಳುವುದಕ್ಕೂ ಶಕ್ತಿಯಿಲ್ಲದೆ ಬಿಕ್ಕುತ್ತಿದ್ದಳು. ಪಕ್ಕದಲ್ಲಿ ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

"ಏನಾಯ್ತು? ಮಲಗಲಿಲ್ವಾ?"

"ಇಲ್ಲ."

"ಮಧ್ಯಾಹ್ನದಿಂದ? ಯಾಕಮ್ಮ?"

"ನೀನು ಬಂದಾಗ ಎಚ್ಚರ ಇರ್ಬೇಕಿತ್ತು" ಎಂದಳು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ಇಂಥ ಹೊತ್ತಿಗೆ ಹಾಲು ಕುಡಿದಳು, ಇಷ್ಟು ಅನ್ನ ತಿಂದಳು ಎಂದು ತಾಯಂದಿರಿಗೆ ಒಪ್ಪಿಸುತ್ತಿದ್ದ ದನಿಯಲ್ಲೇ ಹೇಳಿದಳು.

ಮಗಳು ಬಾಗಿ ಮಗುವನ್ನು ಎತ್ತಿಕೊಂಡಳು. ತಲೆ ಹೆಗಲಿಗೆ ತಾಗಿದ್ದೇ ತಡ, ಪುಟ್ಟಿಯ ಬಿಕ್ಕು ನಿಂತು, ಕೈಕಾಲು ಸಡಿಲಬಿದ್ದು, ಗಾಢವಾದ ನಿದ್ದೆ ಬಂದುಬಿಟ್ಟಿತು. ಮಗಳು ಅಲ್ಲಾಡದೆ ನಿಂತಳು.

"ಸ್ವಲ್ಪ ಹೊತ್ತು ಇಲ್ಲೇ ಮಲಗಿಸ್ಲಾ ಅಮ್ಮ? ಎದ್ದ ಮೇಲೆ ಹೋಗ್ತೀನಿ. ನಾನೂ ಇರ್ತೀನಲ್ಲ."

"ಬೇಡ" ಎಂದು ತಾಯಿ ಎದ್ದು, ಬಟ್ಟೆಯ ಚೀಲವನ್ನು ತಂದು ಮಗಳ ಇನ್ನೊಂದು ಭುಜಕ್ಕೆ ನೇತುಹಾಕಿದಳು. "ನಿಮ್ಮ ಮನೇಲಿ ಮಲಗಿಸು. ಹುಷಾರು, ಮೆಟ್ಟಿಲು ನೋಡ್ಕೊಂಡು ಇಳಿ."